ಎಳೆ ಕಡಿದರೆ ಮಗ್ಗ ನಿಲ್ಲುತ್ತದೆ, ದೀಪ ಕೆಟ್ಟರೆ ಗಾಡಿ ನಿಲ್ಲಬೇಡವೇ?



ನಮ್ಮ ಪತ್ರಿಕೆಯಲ್ಲಿ ಮೋಟಾರಿನ ದೀಪದ ಮಾತು ಏಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಪಗಾರದ ಮಾತು ಮುಗಿದಿಲ್ಲ, ಬೋನಸ್ಸಿನ ಮಾತು ಮುಗಿದಿಲ್ಲ, ಹೋಟೆಲು ಹುಡುಗರು ಮಲಗುವ ಜಾಗದ ಮಾತಂತೂ ಆರಂಭವೇ ಆಗಿಲ್ಲ. ಇವೆಲ್ಲ ರಾಶಿ ಬಿದ್ದಿರುವಾಗ ಕಾರಿನ ಹೆಡ್‌ಲೈಟಿನ ಚಿಂತೆ ನಮಗೇಕೆ? ಕಾರಿದ್ದವರು ನೋಡಿಕೊಳ್ಳಲಿ ಎನ್ನುತ್ತೀರಿ.

ಆದರೆ ಸ್ವಲ್ಪ ಯೋಚಿಸಿ ನೋಡಿರಿ. ಬಾಡಿಗೆಗೆ ಬಿಟ್ಟ ಗಾಡಿಯಲ್ಲಿ ರಾತ್ರಿ ಹೊತ್ತು ಕುಳಿತುಕೊಳ್ಳುವವನು ಗಾಡಿಯ ಮಾಲಕನೇ? ಅವನು ಮನೆಯಲ್ಲಿ ಮಲಗಿರುತ್ತಾನೆ. ಊರ ಜಾತ್ರೆಗೆ, ತಂಗಿಯ ಮದುವೆಗೆ, ತಾಯಿಯ ಮಣ್ಣಿಗೆ ಎಂದು ರಜೆ ಬೇಡಿ, ಸಾಲ ಮಾಡಿ, ರಾತ್ರೋರಾತ್ರಿ ಮುಂಬಯಿ ಬಿಡುವವರು ನಾವು. ಆ ಗಾಡಿಯ ಚಕ್ರ ಹಿಡಿಯುವವನಾದರೂ ಯಾರು? ಅವನೂ ನಮ್ಮವನೇ. 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಗೆ ಬಂದರು. ಅನೇಕರಿಗೆ ಮರಳಿ ಒಳಗೆ ಹೋಗುವ ಬಾಗಿಲು ತೆರೆಯಲೇ ಇಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಚಿಮಣಿಗಳ ಜಾಗದಲ್ಲಿ ಗಾಜಿನ ಕಟ್ಟಡಗಳು ಎದ್ದವು. ಸಾಂಚಾ ಹೊಡೆದವರ ಮಕ್ಕಳು ಏನಾದರು? ಕೆಲವರು ಹೋಟೆಲಿಗೆ ಬಂದರು, ಕೆಲವರು ಟ್ಯಾಕ್ಸಿ, ಟೆಂಪೋ, ಪ್ರವಾಸದ ಗಾಡಿಗಳ ಸ್ಟಿಯರಿಂಗ್ ಹಿಡಿದರು. ಆದದ್ದರಿಂದ ಗಾಡಿಯ ದೀಪ ಕೆಟ್ಟರೆ ಮುಂದೆ ಕುಳಿತ ಕಾರ್ಮಿಕನೂ ಕುರುಡ, ಹಿಂದೆ ಕುಳಿತ ಕಾರ್ಮಿಕನೂ ಕುರುಡ. ಕಣ್ಣಿದ್ದವನು ಮಾಲಕನೊಬ್ಬನೇ, ಆದರೆ ಅವನು ಗಾಡಿಯಲ್ಲಿರುವುದಿಲ್ಲ.

ನಾನು ಬರೆಯುತ್ತಿರುವುದು ಕೇಳಿದ ಕತೆಯಲ್ಲ, ಅನುಭವಿಸಿದ್ದು.

ಕಳೆದ ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆ ಮುಗಿಸಿ ವಿಜಯಪುರದ ಕಡೆಗೆ ಹೋಗೋಣವೆಂದು ನಾವು ಏಳು ಜನ ಸೇರಿ ಒಂದು ಗಾಡಿ ಗೊತ್ತುಮಾಡಿದೆವು. ನಾಲ್ವರು ಹೋಟೆಲಿನವರು, ಒಬ್ಬ ಗೆಳೆಯನ ಹೆಂಡತಿ, ಅವರ ಮಗು, ಜೊತೆಗೆ ಎಂಬತ್ತರ ಹತ್ತಿರದ ಅಜ್ಜ ಒಬ್ಬರು. ಅಜ್ಜ 1964ರಿಂದ ಮುಷ್ಕರದವರೆಗೆ ಗಿರಣಿಯ ಸಾಂಚಾ ಖಾತೆಯಲ್ಲಿ ದುಡಿದವರು. ಗಾಡಿ ನಡೆಸುವವನು ಇಂಡಿ ತಾಲೂಕಿನ ಹುಡುಗ. ಮಾಲಕನ ಹೆಸರು ನಾನು ಹೇಳುವುದಿಲ್ಲ. ಅವನಂಥವರು ಒಬ್ಬರಲ್ಲ, ಅದಕ್ಕಾಗಿ ಒಬ್ಬನ ಹೆಸರು ಹೇಳಿ ಉಳಿದವರನ್ನು ಬಿಟ್ಟುಬಿಡುವುದು ಸರಿಯಲ್ಲ.

ಪುಣೆ ದಾಟುವಾಗ ಕತ್ತಲಾಗಿತ್ತು. ಎಡಗಡೆಯ ದೀಪ ಉರಿಯುತ್ತಿಲ್ಲ ಎಂದು ಆಗಲೇ ಕಂಡಿತು. ಕೇಳಿದರೆ ಹುಡುಗ, ‘ಮೂರು ವಾರ ಆತ್ರೀ, ಸೇಠರಿಗೆ ಮೂರು ಸಲ ಹೇಳೀನಿ’ ಎಂದ. ಒಂದು ದೀಪ ಹೋಯಿತೆಂದು ಮಾಲಕ ಇನ್ನೊಂದಕ್ಕೆ ಭಾರೀ ವ್ಯಾಟಿನ ಬಲ್ಬು ಹಾಕಿಸಿದ್ದನಂತೆ, ಎರಡರ ಕೆಲಸ ಒಂದೇ ಮಾಡಲಿ ಎಂದು. ಹೋಟೆಲಿನಲ್ಲಿ ಇಬ್ಬರ ಕೆಲಸ ಒಬ್ಬ ಹುಡುಗನಿಂದ ಮಾಡಿಸುವ ಧಣಿಯ ಬುದ್ಧಿಗೂ ಇದಕ್ಕೂ ಏನು ಭೇದ? ಫಲವೂ ಒಂದೇ ಆಯಿತು. ಭಿಗವಣ ದಾಟುವಷ್ಟರಲ್ಲಿ ಆ ಬಲಗಡೆಯ ದೀಪ ಹಳದಿಗೆ ತಿರುಗಿತು, ಮಿಣುಕಿತು. ಇಂದಾಪುರ ಹತ್ತಿರ ಬಂದಾಗ ಪೂರಾ ಆರಿತು. ರಬ್ಬರು ಸುಟ್ಟ ವಾಸನೆ ಬಂತು. ಹುಡುಗ ರಸ್ತೆಯ ಪಕ್ಕದ ಚಹಾ ಅಂಗಡಿಯ ಬೆಳಕು ನೋಡಿ ಗಾಡಿ ನಿಲ್ಲಿಸಿದ.

ಇಂದಾಪುರವೆಂದರೆ ಪುಣೆ ಜಿಲ್ಲೆಯ ಪೂರ್ವದ ತುದಿ, ಪುಣೆ-ಸೊಲ್ಲಾಪುರ ಹೆದ್ದಾರಿಯ ಹೆಚ್ಚುಕಡಿಮೆ ನಡು. ಪಕ್ಕದಲ್ಲೇ ಭೀಮಾ ನದಿ, ಉಜನಿ ಅಣೆಕಟ್ಟಿನ ಹಿನ್ನೀರು. ಆ ಭೀಮೆಯೇ ಮುಂದೆ ನಮ್ಮ ವಿಜಯಪುರ, ಕಲಬುರ್ಗಿ ಜಿಲ್ಲೆಗಳ ಹೊಲಗಳನ್ನು ಮುಟ್ಟುವವಳು. ನೀರಿದ್ದಲ್ಲಿ ಕಬ್ಬು, ಕಬ್ಬಿದ್ದಲ್ಲಿ ಸಕ್ಕರೆ ಕಾರಖಾನೆ. ಮಾಗಿಯ ದಿನಗಳಲ್ಲಿ ಆ ರಸ್ತೆಯ ತುಂಬ ಎತ್ತಿನ ಗಾಡಿಗಳು, ಒಂದರ ಹಿಂದೆ ಒಂದು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು. ಎಷ್ಟೋ ಟ್ರಾಲಿಗಳಿಗೆ ಹಿಂದೆ ಕೆಂಪು ದೀಪವಿಲ್ಲ, ಇದ್ದ ಪ್ರತಿಫಲಕವನ್ನೂ ಜೋತುಬಿದ್ದ ಕಬ್ಬಿನ ಸೋಗೆ ಮುಚ್ಚಿರುತ್ತದೆ. ಆಷಾಢದಲ್ಲಾದರೋ ದೇಹುವಿನಿಂದ ಹೊರಟ ತುಕಾರಾಮರ ಪಾಲಖಿ ಇಂದಾಪುರದಲ್ಲಿ ತಂಗಿ ಪಂಢರಪುರಕ್ಕೆ ಸಾಗುತ್ತದೆ. ಆಗ ಆ ಸೀಮೆಯ ಹಾದಿಗಳಲ್ಲಿ ನಸುಕಿಗೇ ಎದ್ದು ನಡೆಯುವ ವಾರಕರಿಗಳ ಸಾಲು. ಅಂಥ ಕಡೆ ದೀಪವಿಲ್ಲದ ಗಾಡಿ ಎಂದರೆ ಏನೆಂದು ನೀವೇ ತಿಳಿದುಕೊಳ್ಳಿರಿ.

ಹುಡುಗ ಮಾಲಕನಿಗೆ ಫೋನು ಮಾಡಿದ. ಬಂದ ಉತ್ತರ ನಾವೆಲ್ಲರೂ ಕೇಳಿದೆವು: ‘ಮುಂದೆ ಹೋಗುವ ಲಾರಿಯ ಬೆನ್ನು ಹಿಡಿ, ಸೊಲ್ಲಾಪುರ ಮುಟ್ಟು, ಬೆಳಿಗ್ಗೆ ನೋಡೋಣ.’

ಬಂಧುಗಳೇ, ನಾಚಿಕೆಯಾದರೂ ನಿಜ ಹೇಳುತ್ತೇನೆ. ಮಾಲಕನೊಬ್ಬನೇ ಹಾಗೆ ಹೇಳಲಿಲ್ಲ. ನಾವೂ ಹೇಳಿದೆವು. ಜಾತ್ರೆ ತಪ್ಪುತ್ತದೆ, ರಜೆ ಇರುವುದೇ ನಾಲ್ಕು ದಿನ ಎಂದು ನಾನೇ ಆ ಹುಡುಗನನ್ನು ಗದರಿಸಿದೆ. ಅವನು ತಲೆ ತಗ್ಗಿಸಿ ಮತ್ತೆ ಗಾಡಿಯ ಬಾಗಿಲು ತೆಗೆದ. ಆಗ ಅಜ್ಜ ಕೆಳಗಿಳಿದು ಗಾಡಿಯ ಮುಂದೆ ನಿಂತರು.

‘ತಮ್ಮಾ, ಗಾಡಿ ಹಚ್ಚಬ್ಯಾಡ’ ಎಂದರು. ‘ಹದಿನೆಂಟು ವರ್ಷ ಸಾಂಚಾ ಹೊಡದೀನಿ. ಒಂದು ಎಳಿ ಕಡದರ ಸಾಂಚಾ ತಾನ ನಿಂದರತಿತ್ತು. ಬಟ್ಟಿ ಕೆಡಬಾರದಂತ ಮಾಲಕ ಆ ವ್ಯವಸ್ಥಾ ಮಾಡಿದ್ದ. ಜೀವ ಕೆಡಬಾರದಂತ ಈ ಗಾಡಿ ನಿಂದರಬಾರದೇನು?’

ಯಾರೂ ಉತ್ತರ ಕೊಡಲಿಲ್ಲ. ಕೊಡುವ ಹೊತ್ತೂ ಇರಲಿಲ್ಲ. ಅದೇ ಗಳಿಗೆಗೆ ಎರಡು ಟ್ರಾಲಿ ಕಬ್ಬು ಹೇರಿದ ಟ್ರ್ಯಾಕ್ಟರು ನಮ್ಮ ಪಕ್ಕದಿಂದ ಹೋಯಿತು. ಮುಂದೆ ದೀಪವಿತ್ತು, ಹಿಂದೆ ಏನೂ ಇರಲಿಲ್ಲ. ಅಂಗಡಿಯ ಬೆಳಕು ದಾಟಿದ ಕೂಡಲೇ ಅದು ಕತ್ತಲೆಯ ಗುಡ್ಡವಾಗಿ ಕರಗಿತು. ನಾವು ಹೊರಟಿದ್ದರೆ ಅದರ ಹಿಂದೆಯೇ ಹೊರಡುತ್ತಿದ್ದೆವು. ಮಗುವಿನ ತಾಯಿ ಮಗುವನ್ನು ಎದೆಗೆ ಒತ್ತಿಕೊಂಡು ಅಂಗಡಿಯ ಬೆಂಚಿನ ಮೇಲೆ ಕುಳಿತಳು. ಅಲ್ಲಿಗೆ ಮಾತು ಮುಗಿಯಿತು.

ಚಹಾ ಅಂಗಡಿಯವನು ಊರೊಳಗಿನ ಇಲೆಕ್ಟ್ರಿಕ್ ಮಿಸ್ತ್ರಿಯನ್ನು ಕರೆಸಿದ. ಮಿಸ್ತ್ರಿ ಬಂದು ಏನು ಕಂಡುಹಿಡಿದನೆಂದು ಕೇಳಿದರೆ ನಿಮಗೆ ಸಿಟ್ಟು ಬರುತ್ತದೆ. ಮೂರು ವಾರದಿಂದ ಸತ್ತಿದ್ದ ಎಡಗಡೆಯ ದೀಪದಲ್ಲಿ ಬಲ್ಬು ಚೆನ್ನಾಗಿಯೇ ಇತ್ತು! ವೈರನ್ನು ಗಾಡಿಯ ಮೈಗೆ ಬಿಗಿದ ಅರ್ಥಿಂಗಿನ ಒಂದು ಬೋಲ್ಟು ತುಕ್ಕು ಹಿಡಿದಿತ್ತು. ಉಪ್ಪುಕಾಗದದಿಂದ ನಾಲ್ಕು ಸಲ ಉಜ್ಜಿ ಬಿಗಿದ, ದೀಪ ಹತ್ತಿತು. ಬಲಗಡೆಯದು ಮಾತ್ರ ಭಾರೀ ಬಲ್ಬಿನ ಕಾವಿಗೆ ಹೋಲ್ಡರು ಕರಗಿ ಹೋಗಿತ್ತು. ಹೊಸ ಹೋಲ್ಡರು, ಸರಿಯಾದ ಬಲ್ಬು ಹಾಕಿದ. ಎರಡು ತಾಸಿನಲ್ಲಿ ಎರಡೂ ದೀಪ ಉರಿದವು. ಖರ್ಚು ಏಳು ಜನರ ಒಂದು ಊಟದ ದುಡ್ಡಿನಷ್ಟೂ ಆಗಲಿಲ್ಲ.

ಹಾಗಾದರೆ ಮೂರು ವಾರ ಆ ಗಾಡಿ ಒಕ್ಕಣ್ಣಾಗಿ ಓಡಿದ್ದು ಏತಕ್ಕೆ? ಒಂದು ತುಕ್ಕು ಹಿಡಿದ ಬೋಲ್ಟಿಗೆ! ಅದನ್ನು ನೋಡಲು ಗಾಡಿಯನ್ನು ಅರ್ಧ ದಿನ ನಿಲ್ಲಿಸಬೇಕಾಗುತ್ತಿತ್ತು, ಅರ್ಧ ದಿನದ ಬಾಡಿಗೆ ಹೋಗುತ್ತಿತ್ತು. ಅಷ್ಟೇ ಲೆಕ್ಕ. ನಾಳೆ ಏನಾದರೂ ಆಗಿದ್ದರೆ ಜನ ಏನೆನ್ನುತ್ತಿದ್ದರು? ‘ಹಣೆಬರಹ’ ಎನ್ನುತ್ತಿದ್ದರು. ಪತ್ರಿಕೆಯವರು ‘ಚಾಲಕನ ನಿಷ್ಕಾಳಜಿ’ ಎಂದು ಅಚ್ಚು ಹಾಕುತ್ತಿದ್ದರು. ಬೋಲ್ಟಿನ ಮಾತು ಯಾರೂ ಎತ್ತುತ್ತಿರಲಿಲ್ಲ.

ಕೇಂದ್ರ ಸರಕಾರದ ಸಾರಿಗೆ ಇಲಾಖೆಯೇ ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಎಂದರೆ ಗಂಟೆಗೆ 19 ಜನ. ಇವರೆಲ್ಲ ದೀಪ ಕೆಟ್ಟು ಸತ್ತರೆಂದು ನಾನು ಹೇಳುವುದಿಲ್ಲ. ಆದರೆ ಇವರೆಲ್ಲ ಹಣೆಬರಹದಿಂದ ಸತ್ತರೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ತುಕ್ಕು ಹಿಡಿದ ಬೋಲ್ಟನ್ನು ಬ್ರಹ್ಮ ಬರೆದಿಲ್ಲ.

ಇನ್ನು ಒಂದು ಮಾತು. ‘ಅದೆಲ್ಲ ಮಿಸ್ತ್ರಿಯ ವಿದ್ಯೆ, ನಮಗೇನು ತಿಳಿದೀತು’ ಎಂದು ಕೈಚೆಲ್ಲುವವರು ನಮ್ಮಲ್ಲಿ ಬಹಳ. ಇದೂ ಒಂದು ಗುಲಾಮಗಿರಿ. ಹಗಲೆಲ್ಲ ತಟ್ಟೆ ತೊಳೆದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಜನ ನಾವು. ದೀಪದ ವಿದ್ಯೆ ಅದಕ್ಕಿಂತ ಕಠಿಣವೇ? ಹೋಟೆಲಿನ ಲೆಕ್ಕದಲ್ಲೇ ಹೇಳುತ್ತೇನೆ, ಕೇಳಿರಿ.

ಅಡುಗೆಮನೆಯಿಂದ ತಟ್ಟೆ ಮೇಜಿಗೆ ಬರಬೇಕು, ಖಾಲಿ ತಟ್ಟೆ ಮತ್ತೆ ಅಡುಗೆಮನೆಗೆ ಮರಳಬೇಕು. ಮರಳುವ ದಾರಿ ಕಟ್ಟಿಕೊಂಡರೆ ಅಡುಗೆ ಎಷ್ಟಿದ್ದರೂ ಮೇಜಿಗೆ ತಟ್ಟೆ ಬರುವುದಿಲ್ಲ. ಗಾಡಿಯಲ್ಲಿ ಬ್ಯಾಟರಿಯೇ ಅಡುಗೆಮನೆ. ಅಲ್ಲಿಂದ ವಿದ್ಯುತ್ತು ಫ್ಯೂಸು, ರಿಲೇ, ಸ್ವಿಚ್ಚು ದಾಟಿ ಬಲ್ಬಿಗೆ ಬರುತ್ತದೆ. ಬಲ್ಬಿನಿಂದ ಗಾಡಿಯ ಕಬ್ಬಿಣದ ಮೈಯ ಮೂಲಕ ಬ್ಯಾಟರಿಗೆ ಮರಳುತ್ತದೆ. ಈ ಮರಳುವ ದಾರಿಗೇ ಅರ್ಥಿಂಗು ಎನ್ನುವುದು. ಬರುವ ದಾರಿ, ಬಲ್ಬು, ಮರಳುವ ದಾರಿ: ಕೆಡುವುದು ಈ ಮೂರರಲ್ಲಿ ಒಂದು. ಇಷ್ಟು ತಿಳಿದರೆ ಅರ್ಧ ವಿದ್ಯೆ ಬಂತು. ಉಳಿದ ಅರ್ಧ ಹೀಗೆ.

ಒಂದು, ಒಂದೇ ಕಡೆಯ ದೀಪ ಹೋಗಿದ್ದರೆ ಮೊದಲು ಬಲ್ಬು ನೋಡಿರಿ. ಒಳಗಿನ ತಂತಿ ಕಡಿದಿದ್ದರೆ ಕಣ್ಣಿಗೇ ಕಾಣುತ್ತದೆ. ಕಾಣದಿದ್ದರೆ ಎಡಗಡೆಯ ಬಲ್ಬನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಬದಲಿಸಿ ನೋಡಿರಿ. ಕತ್ತಲೆಯೂ ಬಲ್ಬಿನ ಜೊತೆಗೇ ಹೋದರೆ ದೋಷ ಬಲ್ಬಿನದು. ಕತ್ತಲೆ ಮೊದಲಿದ್ದ ಕಡೆಯೇ ಉಳಿದರೆ ಹೋಲ್ಡರು, ಆ ಕಡೆಯ ಫ್ಯೂಸು ಅಥವಾ ಅರ್ಥಿಂಗಿನದು. ಡಿಪ್ ಇಲ್ಲ, ಬ್ರೈಟ್ ಇದೆ ಎಂದರೆ ಅದೂ ಸಾಮಾನ್ಯವಾಗಿ ಬಲ್ಬೇ. ಒಂದೇ ಬಲ್ಬಿನಲ್ಲಿ ಎರಡು ತಂತಿಗಳಿದ್ದು ಒಂದು ಕಡಿದಿರುತ್ತದೆ.

ಎರಡು, ಎರಡೂ ಕಡೆಯ ದೀಪ ಒಟ್ಟಿಗೆ ಹೋದರೆ ಎರಡು ಬಲ್ಬು ಒಂದೇ ಗಳಿಗೆಗೆ ಸಾಯುವುದು ಅಪರೂಪ. ಎರಡಕ್ಕೂ ಸೇರಿದ ದಾರಿಯನ್ನು ಹುಡುಕಿರಿ: ಫ್ಯೂಸು, ರಿಲೇ, ಸ್ಟಿಯರಿಂಗಿನ ಕೆಳಗಿನ ಸ್ವಿಚ್ಚು. ಫ್ಯೂಸಿನ ಮೇಲೆ ಅಂಕಿ ಇರುತ್ತದೆ, 10 ಆಂಪಿಯರಿನದು ಕೆಂಪು, 15ರದು ನೀಲಿ. ಸುಟ್ಟರೆ ಅದೇ ಅಂಕಿಯದನ್ನೇ ಹಾಕತಕ್ಕದ್ದು. ಸಿಗರೇಟು ಪಾಕೀಟಿನ ಬೇಗಡೆ, ತಾಮ್ರದ ತಂತಿ ಸುತ್ತಿ ಹಾಕುವವರಿದ್ದಾರೆ. ಇವರು ದೀಪ ಹಚ್ಚುವವರಲ್ಲ, ಗಾಡಿಗೆ ಬೆಂಕಿ ಹಚ್ಚುವವರು. ಹೊಸ ಫ್ಯೂಸೂ ಕೂಡಲೇ ಸುಟ್ಟರೆ ಎಲ್ಲೋ ವೈರಿನ ಮೈ ಸುಲಿದು ಕಬ್ಬಿಣಕ್ಕೆ ತಾಗುತ್ತಿದೆ ಎಂದು ಅರ್ಥ. ಅದನ್ನು ಹುಡುಕದೆ ಮೂರನೆಯದನ್ನು ಹಾಕಬೇಡಿರಿ.

ಮೂರು, ದೀಪ ಉರಿಯುತ್ತದೆ ಆದರೆ ಮಂಕಾಗಿದೆ, ಹಳದಿಯಾಗಿದೆ. ಎಂಜಿನು ನಿಂತಾಗ ಮಂಕು, ಓಡುವಾಗ ಸರಿ ಎಂದರೆ ಬ್ಯಾಟರಿಯ ಶಕ್ತಿ ಕುಂದಿದೆ. ಎಂಜಿನು ಓಡುವಾಗಲೂ ಮಂಕು ಎಂದರೆ ಚಾರ್ಜು ಆಗುತ್ತಿಲ್ಲ, ಪಟ್ಟಾ ಸಡಿಲಾಗಿದೆಯೋ ನೋಡಿರಿ. ಗಿರಣಿಯಲ್ಲಿ ಪಟ್ಟಾ ಜಾರಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕೆ? 12 ವೋಲ್ಟಿನ ಗಾಡಿಯಲ್ಲಿ ಎಂಜಿನು ಓಡುವಾಗ ಬ್ಯಾಟರಿಯ ಮೇಲೆ ಸುಮಾರು 13.5ರಿಂದ 14.5 ವೋಲ್ಟು ಬರಬೇಕು. ಅಲ್ಲಿ ಸರಿಯಾಗಿದ್ದು ಬಲ್ಬಿನ ಬುಡದಲ್ಲಿ ಕಡಿಮೆ ಬಂದರೆ ನಡುವಿನ ಹಾದಿಯಲ್ಲಿ ತುಕ್ಕಿದೆ. ವೋಲ್ಟು ನೂರರಲ್ಲಿ ಹತ್ತು ಪಾಲು ಇಳಿದರೆ ಬೆಳಕು ಹತ್ತು ಪಾಲಲ್ಲ, ಸುಮಾರು ಮೂವತ್ತು ಪಾಲು ಇಳಿಯುತ್ತದೆ. ತುಕ್ಕು ಚಿಕ್ಕದು, ಕತ್ತಲೆ ದೊಡ್ಡದು.

ನಾಲ್ಕು, ಅರ್ಥಿಂಗಿನ ಪರೀಕ್ಷೆ. ಒಂದು ಉದ್ದ ವೈರಿನ ಒಂದು ತುದಿಯನ್ನು ಬ್ಯಾಟರಿಯ ಋಣ ಕಡ್ಡಿಗೆ, ಇನ್ನೊಂದನ್ನು ಕೆಟ್ಟ ದೀಪದ ಅರ್ಥಿಂಗಿನ ಕಡ್ಡಿಗೆ ಹಿಡಿಯಿರಿ. ದೀಪ ಹತ್ತಿದರೆ ಕಳ್ಳ ಸಿಕ್ಕಿದ. ಬೋಲ್ಟು ಬಿಚ್ಚಿ, ಲೋಹ ಬೆಳ್ಳಗಾಗುವಂತೆ ಉಜ್ಜಿ ಬಿಗಿಯಿರಿ. ಇಂಡಿಕೇಟರು ಹಾಕಿದಾಗ ಹೆಡ್‌ಲೈಟೂ ಜೊತೆಗೆ ಮಿಣುಕುತ್ತಿದ್ದರೆ ಅದೂ ಹೆಚ್ಚಾಗಿ ಅರ್ಥಿಂಗಿನ ರೋಗವೇ. ಇಂದಾಪುರದ ಮಿಸ್ತ್ರಿ ಮಾಡಿದ್ದು ಇದನ್ನೇ, ಹಿಡಿದದ್ದು ಐದು ನಿಮಿಷ.

ಐದು, ಬಲ್ಬಿನ ಬಾಬತ್ತು. ಸಾಮಾನ್ಯ ಕಾರಿನ ಎರಡು ತಂತಿಯ ಬಲ್ಬು 60/55 ವ್ಯಾಟಿನದು. ಅದಕ್ಕೆ ಒಂದು ಬಲ್ಬಿಗೆ ಸುಮಾರು ಐದು ಆಂಪಿಯರು ಬೇಕು, ವೈರು, ಹೋಲ್ಡರು ಅಷ್ಟಕ್ಕೇ ಲೆಕ್ಕ ಹಾಕಿ ಮಾಡಿದವು. ಅಲ್ಲಿ 100 ವ್ಯಾಟು ತುರುಕಿದರೆ ನಮ್ಮ ಗಾಡಿಗಾದ ಗತಿಯೇ ಆಗುತ್ತದೆ. ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬೇಡಿರಿ, ಬೆರಳಿನ ಎಣ್ಣೆ ತಾಗಿದ ಕಡೆ ಕಾವೇರಿ ಬೇಗ ಒಡೆಯುತ್ತದೆ. ಬಲ್ಬು ಮೇಲಿಂದ ಮೇಲೆ ಸುಡುತ್ತಿದ್ದರೆ ಬಲ್ಬನ್ನು ಬಯ್ಯಬೇಡಿರಿ, ಚಾರ್ಜು ಮಿತಿಮೀರಿ ಬರುತ್ತಿದೆಯೋ ನೋಡಿಸಿರಿ. ಕಂಪನಿಯೇ ಕೂರಿಸಿದ ಜೀನಾನ್ ದೀಪವಿದ್ದರೆ ಮಾತ್ರ ಕೈ ಹಾಕಬೇಡಿರಿ, ಹತ್ತಿಸುವಾಗ ಅದರಲ್ಲಿ ಸಾವಿರಾರು ವೋಲ್ಟು ಹರಿಯುತ್ತದೆ.

ಆರು, ಎಲ್ಲವೂ ಸರಿ ಆದರೆ ರಸ್ತೆ ಕಾಣದು ಎಂದರೆ ದೀಪದ ಮುಖ ನೋಡಿರಿ. ಬಿಸಿಲಿಗೆ ಪ್ಲಾಸ್ಟಿಕ್ಕು ಹಳದಿಯಾಗಿದೆಯೋ, ಕೆಸರು ಮೆತ್ತಿದೆಯೋ? ಆಮೇಲೆ ದೀಪ ಎತ್ತ ನೋಡುತ್ತದೆಂದು ನೋಡಿರಿ. ಮಟ್ಟಸ ನೆಲದ ಮೇಲೆ ಗೋಡೆಯಿಂದ 25 ಅಡಿ ದೂರ ಗಾಡಿ ನಿಲ್ಲಿಸಿ ಡಿಪ್ ಹಾಕಿದರೆ, ಗೋಡೆಯ ಮೇಲಿನ ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗಿರಬೇಕು. ಎಡಗಡೆಗೆ ಸ್ವಲ್ಪ ಏರಿದ್ದರೆ ತಪ್ಪಲ್ಲ. ಅದಕ್ಕಿಂತ ಮೇಲಿದ್ದರೆ ಅದು ನಿಮ್ಮ ರಸ್ತೆಯನ್ನು ಬೆಳಗುವುದಿಲ್ಲ, ಎದುರಿನವನ ಕಣ್ಣನ್ನು ಕುಕ್ಕುತ್ತದೆ.

ಇಷ್ಟೇ ವಿದ್ಯೆ. ಇದಕ್ಕೆ ಬೇಕಾದ ಸಾಮಾನು ಒಂದು ಟೆಸ್ಟ್ ಲ್ಯಾಂಪು, ಎರಡು ಗಜ ವೈರು, ಸ್ಕ್ರೂಡ್ರೈವರು, ಉಪ್ಪುಕಾಗದ, ಒಂದು ಬಲ್ಬು, ಎರಡು ಫ್ಯೂಸು. ಒಂದು ಸಣ್ಣ ಕೈಚೀಲದಲ್ಲಿ ಹಿಡಿಯುತ್ತದೆ.

ಇನ್ನು ಕಾಯಿದೆಯ ಮಾತು. ಕಾಯಿದೆ ಮಾಲಕರ ಕಪಾಟಿನಲ್ಲಿರುವ ವಸ್ತುವಲ್ಲ, ನಾವೂ ಓದಬಹುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 105ನೆಯದು ಹೇಳುತ್ತದೆ: ಸೂರ್ಯ ಮುಳುಗಿ ಅರ್ಧ ಗಂಟೆಯಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಇರುವವರೆಗೆ, ಮತ್ತು ಬೆಳಕು ಸಾಲದ ಯಾವ ಹೊತ್ತಿನಲ್ಲಿಯೂ, ಮುಂದಿನ 155 ಮೀಟರು ದೂರದ ಜನ ಮತ್ತು ವಾಹನ ಸ್ಪಷ್ಟವಾಗಿ ಕಾಣುವಂಥ ದೀಪ ಉರಿಯುತ್ತಿರಬೇಕು. 106ನೆಯದು ಹೇಳುತ್ತದೆ: ದೀಪದಿಂದ 8 ಮೀಟರು ದೂರದಲ್ಲಿ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿ ಇರುವ ಕಣ್ಣನ್ನು ಅದು ಕುಕ್ಕಬಾರದು. ಎಂದರೆ ಕಡಿಮೆಯೂ ಕೂಡದು, ಅತಿಯೂ ಕೂಡದು.

ಎಲ್ಲಕ್ಕಿಂತ ಮುಖ್ಯವಾದದ್ದು 1988ರ ಮೋಟಾರು ವಾಹನ ಕಾಯಿದೆಯ 190ನೆಯ ಕಲಮು. ಅಪಾಯಕಾರಿ ದೋಷವಿದೆ ಎಂದು ತಿಳಿದೂ, ಅಥವಾ ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದೂ, ಗಾಡಿಯನ್ನು ನಡೆಸಿದವನು ಅಪರಾಧಿ. ಅಲ್ಲಿಗೇ ನಿಲ್ಲಲಿಲ್ಲ! ನಡೆಸಹಚ್ಚಿದವನೂ, ನಡೆಸಲು ಬಿಟ್ಟವನೂ ಅಪರಾಧಿಯೇ. 2019ರ ತಿದ್ದುಪಡಿಯಂತೆ ದಂಡ 1,500 ರೂಪಾಯಿ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 5,000 ರೂಪಾಯಿ ದಂಡ. ಹಾಗಾದರೆ ‘ಲಾರಿಯ ಬೆನ್ನು ಹಿಡಿ’ ಎಂದು ಫೋನಿನಲ್ಲಿ ಅಪ್ಪಣೆ ಕೊಟ್ಟವನು ಯಾರು? ಕಲಮಿನ ಮಾತಿನಲ್ಲಿಯೇ ಅವನು ‘ನಡೆಸಹಚ್ಚಿದವನು’. ಆದರೆ ರಸ್ತೆಯಲ್ಲಿ ಪೋಲೀಸರ ಕೈಗೆ ಸಿಗುವವನು ಚಾಲಕ, ದಂಡ ತೆರುವವನು ಚಾಲಕ, ಲೈಸೆನ್ಸು ಕಳೆದುಕೊಳ್ಳುವವನು ಚಾಲಕ. ಕಾಯಿದೆಯ ಅರ್ಧ ವಾಕ್ಯ ಮಾತ್ರ ಜಾರಿಯಲ್ಲಿದೆ, ಬಡವನಿಗೆ ತಾಗುವ ಅರ್ಧ.

ಕೆಲಸದ ಹೊತ್ತಿನ ಮಾತೂ ಹೀಗೆಯೇ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. ಆದರೆ ಐದು ಜನರಿಗಿಂತ ಕಡಿಮೆ ಕೆಲಸಗಾರರಿದ್ದ ಕಡೆ ಅದು ತಾನಾಗಿ ತಾಗುತ್ತಿರಲಿಲ್ಲ. ಎರಡು ಗಾಡಿ, ಮೂರು ಹುಡುಗರನ್ನು ಇಟ್ಟುಕೊಂಡ ಮಾಲಕ ಹೊರಗೇ ಉಳಿದ. ನಮ್ಮ ಹುಡುಗರು ಹೆಚ್ಚಾಗಿ ಇರುವುದು ಅಂಥವರ ಬಳಿಯಲ್ಲಿಯೇ.

ಎದುರು ಪಕ್ಷದವರ ವಾದಗಳನ್ನೂ ನೋಡೋಣ.

‘ಚಾಲಕನೇ ಹೊರಡುವ ಮುಂಚೆ ನೋಡಿಕೊಳ್ಳಬೇಕು’ ಎನ್ನುತ್ತಾರೆ. ಒಪ್ಪಿದೆ. ನಮ್ಮ ಹುಡುಗ ನೋಡಿದ್ದ, ಮೂರು ಸಲ ಹೇಳಿಯೂ ಇದ್ದ. ಹೇಳಿದ ಮೇಲೆ ಜವಾಬ್ದಾರಿ ಯಾರದು? ಟ್ರಿಪ್ಪಿಗೆ ಇಷ್ಟು ಎಂದು ಕೂಲಿ ಪಡೆಯುವವನು ಗಾಡಿ ನಿಲ್ಲಿಸಿದರೆ ಅವನ ಮನೆಯ ಒಲೆ ನಿಲ್ಲುತ್ತದೆ. ಒಲೆಗೂ ದೀಪಕ್ಕೂ ಜಗಳ ಹಚ್ಚಿ ಮಾಲಕ ದೂರ ನಿಂತು ನೋಡುತ್ತಾನೆ.

‘ಕಾಲಕಾಲಕ್ಕೆ ಪರೀಕ್ಷೆ ಮಾಡಿ ಫಿಟ್‌ನೆಸ್ ಪತ್ರ ಕೊಡುತ್ತಾರಲ್ಲ’ ಎನ್ನುತ್ತಾರೆ. ಪತ್ರ ವರ್ಷಕ್ಕೋ ಎರಡು ವರ್ಷಕ್ಕೋ ಒಂದು, ಬಲ್ಬು ಯಾವ ರಾತ್ರಿಯಾದರೂ ಸುಟ್ಟೀತು. ಪತ್ರವನ್ನು ಹಣೆಗೆ ಅಂಟಿಸಿಕೊಂಡರೆ ಗಾಡಿಗೆ ರಸ್ತೆ ಕಾಣುವುದಿಲ್ಲ.

‘ನಿಧಾನ ಹೋದರಾಯಿತು’ ಎನ್ನುವವರಿದ್ದಾರೆ. ಗಂಟೆಗೆ 60 ಕಿಲೋಮೀಟರಿನಲ್ಲಿ ಗಾಡಿ ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರು ಹೋಗುತ್ತದೆ. ಕಂಡು, ತಿಳಿದು, ಬ್ರೇಕಿಗೆ ಕಾಲಿಡುವಷ್ಟರಲ್ಲಿ ಆ 17 ಮೀಟರು ಕಳೆದುಹೋಗಿರುತ್ತದೆ, ನಿಲ್ಲಲು ಅದಕ್ಕಿಂತ ಹೆಚ್ಚು ಬೇಕು. ಮಂಕು ದೀಪದಲ್ಲಿ ಅಷ್ಟು ದೂರ ಕಾಣುವುದೇ ಇಲ್ಲ. ಅಲ್ಲದೆ ದೀಪ ನೋಡುವುದಕ್ಕಷ್ಟೇ ಅಲ್ಲ, ಕಾಣಿಸಿಕೊಳ್ಳುವುದಕ್ಕೂ ಬೇಕು. ಒಕ್ಕಣ್ಣಿನ ಕಾರನ್ನು ಎದುರಿನವನು ಸೈಕಲ್ ಮೋಟಾರೆಂದು ತಿಳಿದು ಪಕ್ಕದಲ್ಲಿ ನುಗ್ಗಿದರೆ ನೀವು ನಿಧಾನ ಹೋಗಿ ಫಲವೇನು? 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರ ವಾಹನಗಳ ದೀಪ ಹಗಲೂ ಉರಿಯುವಂತೆ ಸರಕಾರ ಮಾಡಿದ್ದು ಇದಕ್ಕಾಗಿಯೇ.

ಇನ್ನು ಕೆಲವರು ಬೆಳ್ಳನೆಯ ಎಲ್‌ಇಡಿ ಬಲ್ಬುಗಳನ್ನು ಹಳೆಯ ದೀಪದೊಳಗೆ ತುರುಕಿ ಶೂರರಂತೆ ಓಡಿಸುತ್ತಾರೆ. ಆ ದೀಪದ ಕನ್ನಡಿ ಹ್ಯಾಲೊಜನ್ ತಂತಿಗಾಗಿ ಮಾಡಿದ್ದು, ಬೇರೆ ಬಲ್ಬು ಹಾಕಿದರೆ ಬೆಳಕು ಎತ್ತೆತ್ತಲೋ ಚೆಲ್ಲುತ್ತದೆ. ಎದುರಿನಿಂದ ಸೈಕಲ್ಲಿನ ಮೇಲೆ ಕಬ್ಬಿನ ಹೊಲದಿಂದ ಮನೆಗೆ ಬರುವ ಕೂಲಿಯವನು ಕುರುಡಾಗಿ ಚರಂಡಿಗೆ ಇಳಿಯುತ್ತಾನೆ. ದೀಪವಿಲ್ಲದವನು ತಾನು ಕುರುಡ, ಇವನು ಊರನ್ನೇ ಕುರುಡು ಮಾಡುವವನು. ಇಬ್ಬರೂ ಒಂದೇ ತಕ್ಕಡಿಗೆ.

ನಮ್ಮ ಪ್ರಯಾಣದ ಕತೆ ಇಂದಾಪುರದಲ್ಲಿ ಮುಗಿಯಲಿಲ್ಲ. ಮುಂಬಯಿಗೆ ಮರಳಿದ ಮೇಲೆ ತಿಳಿಯಿತು: ಎರಡು ತಾಸು ತಡವಾಯಿತೆಂದು ಮಾಲಕ ಹುಡುಗನ ಕೂಲಿಯಲ್ಲಿ ಮುರಿದುಕೊಂಡಿದ್ದ. ಏಳು ಜೀವ ಉಳಿಸಿದ್ದಕ್ಕೆ ದಂಡ! ಅಜ್ಜನನ್ನು ಮುಂದಿಟ್ಟುಕೊಂಡು ನಾವು ಐದು ಮಂದಿ ಆ ಕಚೇರಿಗೆ ಹೋದೆವು. ಮಿಸ್ತ್ರಿ ಬರೆದುಕೊಟ್ಟ ಚೀಟಿಯನ್ನು ಮೇಜಿನ ಮೇಲಿಟ್ಟೆವು, 190ನೆಯ ಕಲಮನ್ನು ಓದಿ ಹೇಳಿದೆವು. ಮುರಿದ ಕೂಲಿ ಅಲ್ಲಿಯೇ ಎಣಿಸಿ ಕೊಟ್ಟ, ರಿಪೇರಿಯ ಖರ್ಚನ್ನೂ ಕೊಟ್ಟ. ಗೆದ್ದೆವೆಂದು ಚಹಾ ಕುಡಿದು ಬಂದೆವು. ಆದರೆ ಮುಂದಿನ ವಾರದಿಂದ ಆ ಹುಡುಗನಿಗೆ ಅಲ್ಲಿ ಟ್ರಿಪ್ಪು ಸಿಗಲಿಲ್ಲ. ಈಗ ಬೇರೆ ಕಡೆ ಟೆಂಪೋ ಹೊಡೆಯುತ್ತಿದ್ದಾನೆ. ಐದು ಜನ ಒಂದು ದಿನ ಹೋದರೆ ಒಂದು ಕೂಲಿ ಮರಳುತ್ತದೆ, ಕೆಲಸ ಉಳಿಯುವುದಿಲ್ಲ. ಕೆಲಸ ಉಳಿಯಬೇಕಾದರೆ ಸಂಘ ಬೇಕು, ಸಂಘದ ಬೇಡಿಕೆ ಬೇಕು.

ಆದ್ದರಿಂದ ನನ್ನ ಸೂಚನೆಗಳನ್ನು ಸಂಘದ ಮುಂದೆ ಇಡುತ್ತೇನೆ.

ಮೊದಲನೆಯದು, ನಮ್ಮ ಸದಸ್ಯರು ಬಾಡಿಗೆಗೆ ಗೊತ್ತುಮಾಡುವ ಗಾಡಿ ಯಾವುದೇ ಇರಲಿ, ಹೊರಡುವ ಮುಂಚೆ ಪ್ರಯಾಣಿಕರ ಎದುರಿಗೇ ಡಿಪ್, ಬ್ರೈಟ್, ಹಿಂದಿನ ಕೆಂಪು ದೀಪ, ಬ್ರೇಕಿನ ದೀಪ, ಇಂಡಿಕೇಟರು ಹಾಕಿ ತೋರಿಸತಕ್ಕದ್ದು. ಎರಡು ನಿಮಿಷದ ಕೆಲಸ. ಒಂದು ಉರಿಯದಿದ್ದರೂ ಮುಂಗಡ ಕೊಡಕೂಡದು.

ಎರಡನೆಯದು, ಬದಲಿ ಬಲ್ಬು, ಫ್ಯೂಸು ಮತ್ತು ಆ ಸಣ್ಣ ಕೈಚೀಲ ಪ್ರತಿ ಗಾಡಿಯಲ್ಲಿ ಮಾಲಕನ ಖರ್ಚಿನಲ್ಲಿ ಇರತಕ್ಕದ್ದು.

ಮೂರನೆಯದು, ದೀಪ ರಿಪೇರಿಗೆ ನಿಂತ ಹೊತ್ತು ಕೆಲಸದ ಹೊತ್ತೇ. ಅದಕ್ಕೆ ಕೂಲಿ ಮುರಿಯುವಂತಿಲ್ಲ.

ನಾಲ್ಕನೆಯದು, ದೀಪ ಕೆಟ್ಟ ಗಾಡಿ ನಡೆಸುವುದಿಲ್ಲ ಎಂದ ಚಾಲಕನನ್ನು ಕೆಲಸದಿಂದ ಬಿಟ್ಟರೆ ಅದು ಒಬ್ಬನ ಜಗಳವಲ್ಲ. ಆ ಮಾಲಕನ ಗಾಡಿಯನ್ನು ನಮ್ಮ ಸದಸ್ಯರು ಯಾರೂ ಗೊತ್ತುಮಾಡಕೂಡದು.

ಐದನೆಯದು, ಸಂಘದ ಕೊಠಡಿಯಲ್ಲಿ ವಾರಕ್ಕೊಂದು ಸಂಜೆ ಗಾಡಿಯ ದೀಪದ ಪಾಠ ನಡೆಯಲಿ. ಕಲಿಸಲು ನಮ್ಮ ಚಾಲಕರೇ ಇದ್ದಾರೆ. ಹೋಟೆಲಿನ ಹುಡುಗರೂ ಬರಲಿ, ನಾಳೆ ಅವರಲ್ಲಿ ನಾಲ್ವರು ಸ್ಟಿಯರಿಂಗ್ ಹಿಡಿಯಬಹುದು.

ಇವುಗಳಲ್ಲಿ ಒಂದಕ್ಕಾದರೂ ಸರಕಾರದ ಅನುದಾನ ಬೇಕಿಲ್ಲ, ಯಾರ ಕಾಲನ್ನೂ ಹಿಡಿಯಬೇಕಿಲ್ಲ. ಬೇಕಾದದ್ದು ನಮ್ಮ ಒಗ್ಗಟ್ಟು, ಜೊತೆಗೆ ಸ್ವಲ್ಪ ತಾಳ್ಮೆ. ಹೌದು, ತಾಳ್ಮೆಯೂ ಬೇಕು. ಯಾಕೆಂದರೆ ಆ ರಾತ್ರಿ ಚಾಲಕನನ್ನು ಕತ್ತಲೆಗೆ ನೂಕಲು ಹೊರಟವರಲ್ಲಿ ನಾನೂ ಒಬ್ಬ. ಮಾಲಕನ ಮೇಲೆ ಎತ್ತಿದ ಬೆರಳು ಮೊದಲು ನನ್ನ ಎದೆಯನ್ನು ಮುಟ್ಟಿಯೇ ಹೋಗಬೇಕು. ನಮ್ಮ ಅವಸರವೇ ಅವನ ಲಾಭದ ಬಂಡವಾಳ.

ಮಗ್ಗಕ್ಕೆ ಜೀವವಿಲ್ಲ, ಆದರೂ ಎಳೆ ಕಡಿದರೆ ನಿಲ್ಲುವ ಬುದ್ಧಿ ಅದಕ್ಕೆ ಕೊಟ್ಟಿದ್ದಾರೆ. ಜೀವವಿರುವ ನಾವು ಆ ಬುದ್ಧಿಯನ್ನು ಯಾರಿಂದಲೂ ಬೇಡಬೇಕಿಲ್ಲ. ಮುಂದಿನ ಸಲ ಊರಿಗೆ ಹೊರಡುವ ಸಂಜೆ ಗಾಡಿ ಹತ್ತುವ ಮುಂಚೆ ಅದರ ಮುಂದೆ ಹೋಗಿ ನಿಲ್ಲಿರಿ. ‘ತಮ್ಮಾ, ದೀಪ ಹಾಕು’ ಎನ್ನಿರಿ. ಎರಡೂ ಉರಿದರೆ ಹತ್ತಿರಿ. ಉರಿಯದಿದ್ದರೆ ಹತ್ತಬೇಡಿರಿ, ಅವನನ್ನೂ ಹತ್ತಗೊಡಬೇಡಿರಿ.

ದೀಪ ಕೆಟ್ಟ ಗಾಡಿ ನಿಲ್ಲಲಿ! ನಿಲ್ಲಿಸಿದವನ ಕೂಲಿ ನಿಲ್ಲದಿರಲಿ!